ದೊರೆಯ ಹೆಸರಿಲ್ಲದೆ ಹೊರಳದ ನಾಲಿಗೆ

ಜೇಬೆಜ್ ಟಾರ್ಬೆಲ್ ನನ್ನ ಅಂಗಡಿಗೆ ಬಂದರೆ ಗಿರಾಕಿಗಳು ಮಾತು ನಿಲ್ಲಿಸಿ ಕಾಯುತ್ತಿದ್ದರು. ಗೌರವಕ್ಕಲ್ಲ. ಅವನ ಬಾಯಿಂದ ಈ ಸಲ ಯಾವ ಮಾತು ಹೊರಬೀಳುತ್ತದೆ, ಯಾವುದು ಒಳಗೇ ಉಳಿಯುತ್ತದೆ ಎಂದು ನೋಡುವುದು ನಮ್ಮ ಎಲ್ಮ್‌ಸ್ಟೆಡ್‌ನಲ್ಲಿ ಖರ್ಚಿಲ್ಲದ ಮೋಜಾಗಿತ್ತು. ಅವನಿಗೆ ಹುಟ್ಟಿನಿಂದ ಉಗ್ಗು. ಒಮ್ಮೆ "ಸ… ಸ… ಸ…" ಎಂದು ನಿಂತುಬಿಟ್ಟ. ಪಕ್ಕದಲ್ಲಿದ್ದ ಕಮ್ಮಾರ ಸೈಲಸ್, "ಸಾರಾಯಿ ಕೊಡ್ರೀ ಪಾಪ, ಗಂಟಲು ಒಣಗಿದೆ" ಎಂದ. ನಾನು ರಮ್ ಅಳೆದುಕೊಟ್ಟೆ. ಟಾರ್ಬೆಲ್ ಲೋಟ ನೋಡಿದ, ನನ್ನನ್ನು ನೋಡಿದ, ಕುಡಿದ, ಹೋದ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಸಕ್ಕರೆ ತರೋಕೆ ಕಳಿಸಿದ್ರೆ ತೂರಾಡೋ ಗಂಡನ್ನ ವಾಪಸ್ ಕಳಿಸಿದೀರಲ್ಲ ಸಾಹುಕಾರ್ರೆ. ತೂಕ ಸರಿ ಇದೆ, ಸಾಮಾನು ಬೇರೆ."

ಅವಳ ಹೆಸರು ಸಬ್ಮಿಟ್. ತಲೆಬಾಗು ಎಂದು ಅದರ ಅರ್ಥ. ನಮ್ಮ ಹಿರಿಯರು ಹೆಣ್ಣುಮಕ್ಕಳಿಗೆ ಇಂಥ ಹೆಸರಿಟ್ಟು ಅರ್ಧ ಕೆಲಸ ಮುಗಿಯಿತೆಂದು ತಿಳಿದಿದ್ದರು. ಇವಳ ವಿಷಯದಲ್ಲಿ ಹೆಸರು ದಂಡವಾಯಿತು.

ಟಾರ್ಬೆಲ್ ಹೇಗೆ ಊರ ತಳವಾರನಾದ ಎಂಬುದನ್ನು ಮೊದಲು ಹೇಳಬೇಕು. ಕಾಗದದಲ್ಲಿ ಕಾನ್‌ಸ್ಟೇಬಲ್ ಎಂದು ಬರೆಯುತ್ತಿದ್ದರು. ಮನೆಮನೆಗೆ ಹೋಗಿ ಊರ ಸಭೆಗೆ ಕರೆ ಕೊಡಬೇಕು, ಕಂದಾಯ ಎತ್ತಬೇಕು, ಕುಡಿದು ಬಿದ್ದವರನ್ನು ಎಬ್ಬಿಸಬೇಕು, ಗತಿಯಿಲ್ಲದೆ ಹೊರಗಿನಿಂದ ಬಂದವರಿಗೆ ಊರು ಬಿಡಿ ಎನ್ನಬೇಕು. ಯಾರಿಗೂ ಬೇಡದ ಹುದ್ದೆ. ಆಯ್ಕೆಯಾದ ಮೇಲೆ ಒಲ್ಲೆ ಎಂದರೆ ದಂಡ. ಹಾಗಾಗಿ ಪ್ರತಿ ಮಾರ್ಚ್ ತಿಂಗಳ ಸಭೆಯಲ್ಲಿ ಈ ವಿಷಯ ಬಂದಾಗ ಎಲ್ಲರೂ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನಿಂದ ಯಾರೋ, "ಟಾರ್ಬೆಲ್‌ನ ಮಾಡ್ರಪ್ಪ. ಅವನು ಕರೆ ಕೊಟ್ಟು ಮುಗಿಸೋ ಹೊತ್ಗೆ ಸಭೆನೇ ಮುಗ್ದಿರುತ್ತೆ" ಎಂದ. ನಗುತ್ತ ಕೈಗಳು ಎದ್ದವು. ನಮ್ಮೂರು ತನ್ನನ್ನು ತಾನೇ ಆಳಿಕೊಳ್ಳುತ್ತಿತ್ತು. ತಮಾಷೆಯನ್ನೂ ಬಹುಮತದಿಂದಲೇ ಮಾಡುತ್ತಿತ್ತು.

ಮುಂದಿನ ಸಭೆಯ ಕರೆ ಹೊತ್ತು ಅವನು ಮೊದಲು ಬಂದದ್ದು ನನ್ನ ಅಂಗಡಿಗೆ. ಕೈಯಲ್ಲಿ ಹುದ್ದೆಯ ಕರಿ ಕೋಲು, ಮುಖ ಹಾಲಿನಂತೆ ಬಿಳುಚಿತ್ತು. ಸೈಲಸ್ ಆಗಲೇ ಮಗ್ಗಲು ಬದಲಿಸಿ ನಗಲು ಅನುವಾಗಿದ್ದ. ಟಾರ್ಬೆಲ್ ಉಸಿರು ಎಳೆದುಕೊಂಡ.

"ದೊರೆಯವರ ಹೆಸರಿನಲ್ಲಿ! ಎಲ್ಮ್‌ಸ್ಟೆಡ್ ಊರಿನ ಮತದ ಹಕ್ಕುಳ್ಳ ಸಮಸ್ತರೂ ಬರುವ ಸೋಮವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಸೇರಿ, ಸೇತುವೆಯ ದುರಸ್ತಿಯನ್ನೂ ಶಾಲೆಯ ಉಪಾಧ್ಯಾಯರ ನೇಮಕವನ್ನೂ ಕುರಿತು ತೀರ್ಮಾನಿಸತಕ್ಕದ್ದು!"

ಎಲ್ಲೂ ಎಡವಲಿಲ್ಲ. ದನಿಯೋ, ಗಂಟೆ ಬಾರಿಸಿದ ಹಾಗೆ. ಸೈಲಸ್‌ನ ಬಾಯಿ ತೆರೆದದ್ದು ತೆರೆದೇ ಇತ್ತು. ಟಾರ್ಬೆಲ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹೋಗುವಾಗ "ಬಾ… ಬಾ… ಬಾ…" ಎಂದು ಬಾಗಿಲನ್ನು ತೋರಿಸಿದ. ಮುಚ್ಚಿಕೊಂಡು ಹೋಗಲೇ ಎಂದು ಕೇಳುತ್ತಿದ್ದ, ಪಾಪ. ಹಳ್ಳ ದಾಟುವವನು ನಾಲ್ಕು ಮಾರು ಹಿಂದಿನಿಂದ ಓಡಿಬಂದು ಹಾರುತ್ತಾನಲ್ಲ, ದೊರೆಯ ಹೆಸರು ಅವನ ನಾಲಿಗೆಗೆ ಆ ಓಟವಾಗಿತ್ತು. ಓಡಿಬಂದರೆ ಆಚೆ ದಡ. ನಿಂತಲ್ಲಿಂದ ಹಾರಿದರೆ ನೀರಿಗೆ.

ಅಲ್ಲಿಂದ ಮುಂದೆ ಅವನನ್ನೇ ವರ್ಷ ವರ್ಷವೂ ಆರಿಸಿದೆವು. ಈ ಉಪಾಯವನ್ನು ಅವನು ಮನೆಗೂ ಕೊಂಡೊಯ್ದ. ಸಬ್ಮಿಟ್ ಅಂಗಡಿಯಲ್ಲಿ ಹೆಂಗಸರಿಗೆ ಹೇಳುತ್ತಿದ್ದಳು: "ನಿನ್ನೆ ಊಟಕ್ಕೆ ಕೂತು, 'ದೊರೆಯವರ ಹೆಸರಿನಲ್ಲಿ ಇನ್ನೊಂದು ಸೌಟು ಅಂಬಲಿ ಹಾಕು' ಅಂದ್ರು ಕಣಮ್ಮ. ಹಾಕ್ಬಿಟ್ಟೆ. ರಾಜದ್ರೋಹ ಯಾಕೆ ಮೈಮೇಲೆ ಎಳ್ಕೊಳ್ಳೋದು ಅಂತ."

ಇಂಗ್ಲೆಂಡಿನ ದೊರೆ ನಮ್ಮೂರಿಗೆ ಒಮ್ಮೆಯೂ ಬಂದವನಲ್ಲ. ದಾರಿ ಎಲ್ಲಿ ಹಾಯಬೇಕು, ಬೇಲಿ ನುಸುಳದಂತೆ ಹಂದಿಗಳ ಕೊರಳಿಗೆ ಯಾವಾಗ ನೊಗ ಕಟ್ಟಬೇಕು, ಪಾದ್ರಿಯ ಮನೆಗೆ ಸೌದೆ ಯಾರು ಹೊಡೆಯಬೇಕು, ಎಲ್ಲವನ್ನೂ ನಮ್ಮ ಅಜ್ಜಂದಿರ ಕಾಲದಿಂದ ನಾವೇ ಕೈಯೆತ್ತಿ ತೀರ್ಮಾನಿಸಿಕೊಂಡಿದ್ದೆವು. ಸಮುದ್ರದಾಚೆಯಿಂದ ಬಂದದ್ದು ಅವನ ಹೆಸರು ಮಾತ್ರ. ಅದರ ಪೂರಾ ಲಾಭ ಪಡೆದವನು ಇಡೀ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಟಾರ್ಬೆಲ್ ಒಬ್ಬನೇ ಇರಬೇಕು.

ಆದರೆ ಕರೆ ಕೇಳಿಸಿಕೊಂಡವರಿಗೆ ಅದು ಬೇರೆ ಥರ ಕೇಳಿಸುತ್ತಿತ್ತು. ಒಂದು ಚಳಿಗಾಲ ಮೋಲಿ ಪ್ರೌಟ್ ಎಂಬ ವಿಧವೆ ಕಂಕುಳಲ್ಲಿ ಕೂಸು ಎತ್ತಿಕೊಂಡು ರೋಡ್ ಐಲೆಂಡಿನ ಕಡೆಯಿಂದ ಬಂದು, ಚರ್ಮ ಹದ ಮಾಡುವವನ ಕೊಟ್ಟಿಗೆಯಲ್ಲಿ ಇಳಿದುಕೊಂಡಳು. ಇಂಥವರು ಊರಲ್ಲಿ ನೆಲೆಯೂರಿದರೆ ನಾಳೆ ಅನ್ನ ಹಾಕುವ ಹೊಣೆ ಊರಿನ ತಲೆಗೆ ಬರುತ್ತದೆ. ಅದಕ್ಕೇ ನಮ್ಮ ಪಂಚರು ಬರೆದುಕೊಟ್ಟರು; ಟಾರ್ಬೆಲ್ ಕೊಟ್ಟಿಗೆಯ ಮುಂದೆ ನಿಂತು ಕೂಗಿದ: "ದೊರೆಯವರ ಹೆಸರಿನಲ್ಲಿ! ಮೋಲಿ ಪ್ರೌಟ್ ಎಂಬಾಕೆಯೂ ಆಕೆಯ ಕೂಸು ಆಬಿಜಾನೂ ಹದಿನಾಲ್ಕು ದಿನದೊಳಗೆ ಈ ಊರು ಬಿಡತಕ್ಕದ್ದು!" ಅವಳು ಬಿಡಲಿಲ್ಲ. ಬಿಡಲೇಬೇಕೆಂದು ಯಾರೂ ದಬ್ಬಲೂ ಇಲ್ಲ. ಕೂಗಿದರೆ ಊರಿನ ಹೊಣೆ ತಪ್ಪಿತು, ಅಷ್ಟೇ ಬೇಕಿದ್ದದ್ದು. ಅವಳು ಕಂಡವರ ಬಟ್ಟೆ ಒಗೆದು ಮಗನನ್ನು ಬೆಳೆಸಿದಳು. ಮಗ ಆಬಿಜಾ ಪ್ರೌಟ್ ಊರ ದಂಡಿನ ಕ್ಯಾಪ್ಟನ್ ಆದ, ಮುಂದೆ ದೊರೆಯ ದಂಡಿನೊಡನೆ ಬೋಸ್ಟನ್ ಬಳಿ ನಡೆದ ಕಾಳಗದಲ್ಲಿ ತೊಡೆಗೆ ಗುಂಡು ತಿಂದು ಕುಂಟುತ್ತ ಬಂದ, ಊರಿನ ರಕ್ಷಣಾ ಸಮಿತಿಗೆ ಹಿರಿಯನಾದ. ಲಂಚ ಮುಟ್ಟದವನು, ಕುಡಿಯದವನು, ನಗದವನು. ಅಂಥವರೊಡನೆ ವ್ಯಾಪಾರ ಸಲೀಸು, ಜಗಳ ಕಷ್ಟ.

ದೊರೆಯೊಡನೆ ಯುದ್ಧ ಶುರುವಾದ ಮರುವರ್ಷ ಬೇಸಿಗೆಯಲ್ಲಿ ಮೇಲಿನಿಂದ ಆಜ್ಞೆ ಬಂತು. ಇನ್ನು ಮುಂದೆ ಯಾವ ಕರೆಯೂ ದೊರೆಯ ಹೆಸರಿನಲ್ಲಿ ಹೊರಡಕೂಡದು. "ಈ ಸರ್ಕಾರದ ಮತ್ತು ಜನರ ಹೆಸರಿನಲ್ಲಿ" ಎನ್ನಬೇಕು. ಟಾರ್ಬೆಲ್ ಹೊಸ ಕರೆ ಹೊತ್ತು ನನ್ನ ಬಾಗಿಲಿಗೆ ಬಂದ. "ಈ… ಈ… ಈ ಸ… ಸ…" ಎಂದು ನಿಂತ. ಕೊರಳ ನರ ಉಬ್ಬಿತು, ತುಟಿಯಂಚಿಗೆ ನೊರೆ ಬಂತು. ಈ ಸಲ ಸೈಲಸ್ ಕೂಡ ಸಾರಾಯಿ ಎನ್ನಲಿಲ್ಲ. ಟಾರ್ಬೆಲ್ ಹಾಗೇ ಹಿಂದಿರುಗಿ ಸಭಾಮಂದಿರದ ಮೆಟ್ಟಿಲ ಮೇಲೆ ಕರಿ ಕೋಲು ಇಟ್ಟು ಮನೆಗೆ ಹೋದ. ಎನಕ್ ಹೇವುಡ್ ಎಂಬವನು ತಳವಾರನಾದ. ಆ ದಿನ ಎನಕ್ ಗೊಗ್ಗರು ದನಿಯಲ್ಲಿ ಕರೆದ ಸಭೆಯಲ್ಲೇ ನಾವು ಇಂಗ್ಲೆಂಡಿನ ಹಂಗು ಹರಿದುಕೊಳ್ಳುವುದಾದರೆ ಪ್ರಾಣ, ಆಸ್ತಿ ಎಲ್ಲ ಒತ್ತೆ ಇಡುತ್ತೇವೆಂದು ಕೈಯೆತ್ತಿದೆವು. ಟಾರ್ಬೆಲ್ ಕೂಡ ಎತ್ತಿದ. ಕೈ ಎತ್ತಲು ಉಗ್ಗು ಅಡ್ಡಬರುವುದಿಲ್ಲ.

ಮುಂದಿನ ಒಂದು ವರ್ಷ ಕೆಟ್ಟದ್ದು. ದಂಡಿಗೆ ಹೋದವರು ಕೆಲವರು ಬರಲಿಲ್ಲ, ಬಂದವರು ಸಿಡುಬು ಹೊತ್ತು ತಂದರು. ನನ್ನ ಅಂಗಡಿಯಲ್ಲಿ ಉಪ್ಪು, ಕಾಕಂಬಿ ಎರಡೂ ಮುಗಿದು ಮಾತು ಮಾತ್ರ ಉಳಿಯಿತು. ಉತ್ತರದಿಂದ ಇಂಗ್ಲಿಷರ ದೊಡ್ಡ ದಂಡು ಇಳಿದುಬರುತ್ತಿದೆಯೆಂಬ ಸುದ್ದಿ ಬಂದಾಗ, ಊರಿನ ಪ್ರತಿ ಗಂಡಸೂ ಸಭೆಯ ಮುಂದೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ತೀರ್ಮಾನವಾಯಿತು. ಬಾಯಿಬಿಟ್ಟು, ಎಲ್ಲರೂ ಕೇಳುವಂತೆ. ಮಾಡದವನನ್ನು ಬೋಸ್ಟನ್ ಬಂದರಿನಲ್ಲಿ ನಿಂತಿರುವ ಕಾವಲು ಹಡಗಿಗೆ ಕಳಿಸಿ, ಅಲ್ಲಿಂದ ದೊರೆಯ ರಾಜ್ಯಕ್ಕೆ ಸಾಗಹಾಕುವುದು.

ಎಲ್ಲರೂ ಮಾಡಿದರು. ಟಾರ್ಬೆಲ್ ಎದ್ದು ನಿಂತು ಬಹಳ ಹೊತ್ತು ಹೆಣಗಾಡಿ, "ನಾ" ಎಂಬಲ್ಲೇ ಉಳಿದ. ಅವನಿಗೆ ಮುಂದಿನ ಸಭೆಯವರೆಗೆ ಗಡುವು ಕೊಟ್ಟರು.

ಮಾರನೆಯ ದಿನ ಗಂಡಹೆಂಡಿರು ನನ್ನ ಅಂಗಡಿಯಲ್ಲಿದ್ದಾಗ ಕ್ಯಾಪ್ಟನ್ ಪ್ರೌಟ್ ಕುಂಟುತ್ತ ಒಳಗೆ ಬಂದ. ಸಬ್ಮಿಟ್ ದಾರಿಗೆ ಅಡ್ಡ ನಿಂತಳು.

"ಕ್ಯಾಪ್ಟನ್ನರೇ, ಇವರು ಸಹಿ ಹಾಕ್ತಾರೆ. ಕಾಗದ ತನ್ನಿ, ಎರಡು ಸಲ ಹಾಕ್ತಾರೆ."

"ಸಹಿ ಕೈಯದು ತಾಯಿ. ಮೂವತ್ತು ವರ್ಷ ಇವರು ದೊರೆಗೆ ಕೆಲಸ ಮಾಡಿದ್ದು ಬಾಯಲ್ಲಿ."

"ಉಗ್ಗು ಅನ್ನೋದು ನಿಮಗೂ ಗೊತ್ತಲ್ಲ."

"ನಮ್ಮಮ್ಮನ ಮುಂದೆ ನಿಂತು ಕೂಗಿದಾಗ ಉಗ್ಗು ಎಲ್ಲೋಗಿತ್ತು?" ಪ್ರೌಟ್ ದನಿ ಏರಿಸಲಿಲ್ಲ. "ಹಿಮದಲ್ಲಿ ಹೊರಗೆ ಹೋಗು ಅನ್ನೋಕೆ ನಾಲಿಗೆ ಹರಿಯುತ್ತೆ. ನಾನು ನಿಮ್ಮವನು ಅನ್ನೋಕೆ ಹರಿಯಲ್ಲ. ಅಮ್ಮ ಆ ಮಾತನ್ನ ಅಕ್ಷರ ಬಿಡದೆ ಈಗ್ಲೂ ಹೇಳ್ತಾಳೆ. ಅಷ್ಟು ಚೆನ್ನಾಗಿ ಕೇಳಿಸಿತ್ತು."

ಟಾರ್ಬೆಲ್ ಏನೋ ಹೇಳಲು ಬಾಯಿ ತೆರೆದ. "ಅ… ಅ… ಅವ…"

ನಾವೆಲ್ಲ ಕಾದೆವು. ಪ್ರೌಟ್ ಕೂಡ ಕಾದ, ಸುಳ್ಳು ಹೇಳಬಾರದು. ಆಮೇಲೆ ತಲೆಗೆ ಟೋಪಿ ಇಟ್ಟುಕೊಂಡು ಹೊರಟ.

"ಪೆಲ್ಟನ್ ಸಾಹುಕಾರ್ರೆ," ಎಂದ ನನಗೆ, ಬಾಗಿಲಲ್ಲಿ. "ದೊರೆ ಹೆಸರು ಬಿಟ್ರೆ ಮಾತೇ ಬಾರದವನನ್ನ ಊರೊಳಗೆ ಇಟ್ಕೊಂಡು ನಾನು ದಂಡಿಗೆ ಇನ್ನೊಬ್ಬರ ಮಕ್ಕಳನ್ನ ಹ್ಯಾಗೆ ಕಳಿಸ್ಲಿ ಹೇಳಿ."

ಅವನು ಹೋದ ಮೇಲೆ ಸಬ್ಮಿಟ್ ಗೋಣಿಚೀಲದ ಮೇಲೆ ಕುಳಿತಳು. "ಕೀರ್ತನೆ ಹಾಡುವಾಗ ಇವರು ಉಗ್ಗಲ್ಲ" ಎಂದಳು.

ನಿಜ. ನಮಗಿರುವುದು ಒಂದೇ ಸಭಾಮಂದಿರ, ಪ್ರಾರ್ಥನೆಯೂ ಅಲ್ಲೇ, ಊರ ಸಭೆಯೂ ಅಲ್ಲೇ. ಭಾನುವಾರ ಹಾಡಲು ಪುಸ್ತಕಗಳು ಸಾಲದು. ಚರ್ಚಿನ ಹಿರಿಯನಾದ ಡೀಕನ್ ಫಿನಿಯಸ್ ಒಂದು ಸಾಲು ಹಾಡುತ್ತಾನೆ, ಸಭೆ ಅದೇ ಸಾಲನ್ನು ತಿರುಗಿ ಹಾಡುತ್ತದೆ, ಹೀಗೇ ಕೊನೆತನಕ. ಟಾರ್ಬೆಲ್ ಆ ಸಾಲುಗಳನ್ನು ಎಂದೂ ಮುರಿದವನಲ್ಲ.

ಅವರು ತಮ್ಮ ಕಣಜದಲ್ಲಿ ಅಭ್ಯಾಸ ಶುರುಮಾಡಿದರು. ಪ್ರಮಾಣದ ಮಾತನ್ನು ಸಬ್ಮಿಟ್ ನಾಲ್ಕು ಸಾಲಾಗಿ ಒಡೆದು, ಎಲ್ಲರಿಗೂ ಬರುವ ಹಳೆಯ ಕೀರ್ತನೆಯ ಧಾಟಿಗೆ ಕೂಡಿಸಿದಳು. ಒಂದು ಮಧ್ಯಾಹ್ನ ನನ್ನನ್ನು ಕರೆಸಿ ಹುಲ್ಲಿನ ಮೇಲೆ ಕೂರಿಸಿದಳು. "ನೀವು ಊರು ಅಂದ್ಕೊಳ್ಳಿ. ಮುಖ ಗಂಟು ಹಾಕ್ಕೊಳ್ಳಿ. ಹೂಂ, ಹಂಗೇ, ಸಾಲ ಕೇಳೋಕೆ ಬಂದಾಗ ಹಾಕ್ಕೋತೀರಲ್ಲ ಹಂಗೆ."

ಟಾರ್ಬೆಲ್ ಕಣ್ಣು ಮುಚ್ಚಿ ಹಾಡಿದ. ನಾನು ಜೇಬೆಜ್ ಟಾರ್ಬೆಲ್. ಇಂಗ್ಲೆಂಡಿನ ದೊರೆಯ ಹಂಗು ಹರಿದುಕೊಂಡೆನು. ಈ ನಾಡಿಗೆ ನಿಷ್ಠನಾಗಿ ನಡೆಯುವೆನು. ದೇವರೇ ನನಗೆ ನೆರವಾಗಲಿ. ಪದವೊಂದೂ ಕದಲಲಿಲ್ಲ. ನನ್ನ ಮುಖದ ಗಂಟು ನನಗೆ ತಿಳಿಯದೆಯೇ ಬಿಚ್ಚಿತ್ತು. ಅವನು ಇನ್ನೊಮ್ಮೆ ಹಾಡಿದ. ಮೂರನೆಯ ಸಲ ಹಾಡುವಾಗ ನಗುತ್ತಿದ್ದ.

"ಸಭಾಧ್ಯಕ್ಷರಿಗೆ ಮೊದ್ಲೇ ಹೇಳಿಡೋಣ" ಎಂದೆ.

"ಹೇಳಿದ್ರೆ ಡೀಕನ್ನಿಗೆ ಹೋಗುತ್ತೆ. ಕೀರ್ತನೆ ಧಾಟಿ ಮುಟ್ಟಬೇಡಿ ಅಂತಾರೆ. ಹಾಡಿಬಿಟ್ಟ ಮೇಲೆ ಏನ್ ಮಾಡ್ತಾರೆ, ವಾಪಸ್ ಬಾಯೊಳಗೆ ತುರುಕ್ತಾರಾ?"

ಲೆಕ್ಕ ಸರಿಯಾಗಿಯೇ ಇತ್ತು. ಒಂದನ್ನು ಮಾತ್ರ ನಾವು ಮೂವರೂ ಮರೆತಿದ್ದೆವು.

ಸಭೆಯ ದಿನ ಮಂದಿರ ತುಂಬಿತ್ತು. ಹೆಂಗಸರಿಗೆ ಮತವಿಲ್ಲ, ಮೇಲಿನ ಮಾಳಿಗೆಯಲ್ಲಿ ನಿಂತು ನೋಡುತ್ತಿದ್ದರು. ಟಾರ್ಬೆಲ್‌ನ ಹೆಸರು ಕರೆದರು. ಅವನು ಮುಂದೆ ಬಂದು ನಿಂತ. ಹಿಂದಿನಿಂದ ಯಾರೋ ಹುಡುಗಾಟಕ್ಕೆ, "ದೊರೆ ಹೆಸರು ಹೇಳಿ ಶುರು ಮಾಡಪ್ಪಾ, ಬೇಗ ಆಗುತ್ತೆ" ಎಂದ. ಟಾರ್ಬೆಲ್ ಕಣ್ಣು ಮುಚ್ಚಿದ, ಎದೆ ತುಂಬ ಉಸಿರೆಳೆದು ಮೊದಲ ಸಾಲು ಹಾಡಿದ.

"ನಾನು ಜೇಬೆಜ್ ಟಾರ್ಬೆಲ್…"

ಉದ್ದಕ್ಕೆ ಎಳೆದು ಸಾಲು ನಿಲ್ಲಿಸಿದ. ಆ ಮಂದಿರದಲ್ಲಿ, ಆ ಧಾಟಿಯಲ್ಲಿ, ಒಬ್ಬನು ಒಂದು ಸಾಲು ಹಾಡಿ ನಿಲ್ಲಿಸಿದರೆ ನಮ್ಮವರು ಏನು ಮಾಡುತ್ತಾರೆ? ಮುಂದಿನ ಬೆಂಚಿನ ಮುದುಕರಿಗೆ ಅರ್ಧ ಕಿವಿ ಕೇಳಿಸುವುದಿಲ್ಲ. ಅವರು ಬಾಯಿ ತೆರೆದರು. ಅವರ ಹಿಂದೆ ಇಡೀ ಸಭೆ, ಕೂಸಾಗಿದ್ದಾಗಿನಿಂದ ರೂಢಿಯಾದ ಗಂಟಲುಗಳು, ಯೋಚಿಸುವ ಮೊದಲೇ ತಿರುಗಿ ಹಾಡಿದವು:

"ನಾನು ಜೇಬೆಜ್ ಟಾರ್ಬೆಲ್…"

ಡೀಕನ್ ಕೂಡ ಹಾಡಿದ. ಕ್ಯಾಪ್ಟನ್ ಪ್ರೌಟ್‌ನ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಇಡೀ ಎಲ್ಮ್‌ಸ್ಟೆಡ್ ಒಂದೇ ಕೊರಳಲ್ಲಿ ತಾನು ಜೇಬೆಜ್ ಟಾರ್ಬೆಲ್ ಎಂದು ದೇವರಿಗೆ ತಿಳಿಸಿತು. ಆಮೇಲೆ ಮಾಳಿಗೆಯಲ್ಲಿ ಒಬ್ಬಳು ಕಿಸಕ್ಕೆಂದಳು, ಸೈಲಸ್ ತೊಡೆ ತಟ್ಟಿದ, ನಗು ಚಾವಣಿಗೆ ಮುಟ್ಟಿತು. ಡೀಕನ್ ಕೆಂಪಾಗಿ ಎದ್ದು, "ದೇವರ ಧಾಟಿ, ಇದು ದೇವರ ಧಾಟಿ" ಎಂದು ಕೈ ಬಡಿಯುತ್ತಿದ್ದ.

ಟಾರ್ಬೆಲ್ ಕಣ್ಣು ತೆರೆದ. ಧಾಟಿ ಕೈಬಿಟ್ಟಿತ್ತು. "ಇಂ… ಇಂ… ಇಂ…" ಎಂದ. ಮೇಲೆ ಸಬ್ಮಿಟ್ ಕಟಾಂಜನದಿಂದ ಬಗ್ಗಿ ಸುಮ್ಮನೆ ಸ್ವರ ಗುನುಗಿ ಎತ್ತಿಕೊಡುತ್ತಿದ್ದಳು. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು. ಅವನು ಸುತ್ತ ನೋಡಿದ. ನೀರಿಗೆ ಬಿದ್ದವನ ನೋಟ. ಆಮೇಲೆ ಮೂವತ್ತು ವರ್ಷ ಅವನನ್ನು ಆಚೆ ದಡ ಮುಟ್ಟಿಸಿದ ಓಟವನ್ನೇ ಓಡಿದ.

"ದೊರೆಯವರ ಹೆಸರಿನಲ್ಲಿ! ನಾನು ಜೇಬೆಜ್ ಟಾರ್ಬೆಲ್, ಇಂಗ್ಲೆಂಡಿನ ದೊರೆಯ ಹಂಗು ಹರಿದುಕೊಂಡೆನು, ಈ ನಾಡಿಗೆ ನಿಷ್ಠನಾಗಿ ನಡೆಯುವೆನು, ದೇವರೇ ನನಗೆ ನೆರವಾಗಲಿ!"

ಗಂಟೆ ಬಾರಿಸಿದ ಹಾಗೆ. ಹೇಳಿ ಮುಗಿಸಿ ಅವನು ನಮ್ಮ ಕಡೆ ತಿರುಗಿದಾಗ ಮುಖದಲ್ಲಿ ಬೆಳಕಿತ್ತು. ಪೂರ್ತಿ ಹೇಳಿದ್ದ, ಒಂದೂ ಎಡವದೆ. ಯಾರೂ ಯಾಕೆ ನಗುತ್ತಿಲ್ಲ ಎಂಬುದು ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕೈಯಿಂದ ಬಾಯಿ ಮುಚ್ಚಿಕೊಂಡ.

ನಾನು ಎದ್ದೆ. "ಸಭಾಧ್ಯಕ್ಷರೇ, ಪ್ರಮಾಣ ಪೂರ್ತಿ ಬಂದಿದೆ. ಒಂದಕ್ಷರ ಕಮ್ಮಿ ಇಲ್ಲ. ಮುಂದೆ ಒಂದು ಮಾತು ಜಾಸ್ತಿ ಇದೆ, ಅಷ್ಟೇ."

"ಹಾಲಲ್ಲಿ ಒಂದು ಇಲಿ ಜಾಸ್ತಿ ಇದ್ರೆ ತಗೋತೀರಾ ಸಾಹುಕಾರ್ರೆ?" ಎಂದ ಪ್ರೌಟ್. ಸಭೆಯ ಕಡೆ ತಿರುಗಿದ. "ದೊರೆ ಹೆಸರಲ್ಲಿ ದೊರೇನ ಬಿಡ್ತಾನಂತೆ. ಇದನ್ನ ಪ್ರಮಾಣ ಅಂತ ಒಪ್ಕೊಂಡ್ರೆ, ಉತ್ತರದಲ್ಲಿ ನಿಂತಿರೋ ನಮ್ಮವರಿಗೆ ಏನಂತ ಹೇಳಿ ಕಳಿಸೋಣ? ಮೊದಲು ನಕ್ಕೆವು, ಆಮೇಲೆ ಒಪ್ಪಿದೆವು ಅಂತಲೇ?"

ಆ ಮಾತು ನಾಟಿತು. ಜನ ನಕ್ಕ ನಾಚಿಕೆ ಇನ್ನೂ ಅವರ ಮೈಮೇಲಿತ್ತು. ಯಾರಾದರೊಬ್ಬರು ಅದಕ್ಕೆ ಬೆಲೆ ತೆರಬೇಕಿತ್ತು. ಜೊತೆಗೆ ತಳವಾರನಾಗಿದ್ದವನ ಮೇಲೆ ಯಾರ ಮನೆಯಲ್ಲಿ ಹಳೆಯ ಸಿಟ್ಟಿಲ್ಲ? ಒಬ್ಬರ ಹಸು ಕಂದಾಯಕ್ಕೆ ಹೋಗಿತ್ತು, ಒಬ್ಬರ ತಮ್ಮನನ್ನು ಅವನು ಹಾದಿಯಿಂದ ಎತ್ತಿ ಕೂಡಿಹಾಕಿದ್ದ. ಕೈ ಎಣಿಸುವುದು ಬೇಡ, ಮಂದಿರವನ್ನು ಇಬ್ಭಾಗ ಮಾಡಿ ಎಂದರು. ಅವನನ್ನು ಇಟ್ಟುಕೊಳ್ಳುವವರು ಎಡಗೋಡೆಗೆ, ಕಳಿಸುವವರು ಬಲಗೋಡೆಗೆ. ನಾನು ಎಡಕ್ಕೆ ಹೋದೆ. ನನ್ನ ಜೊತೆ ಪಾದ್ರಿ, ಮುಂದಿನ ಬೆಂಚಿನ ಕಿವುಡರು, ಇನ್ನು ಕೆಲವರು. ಸೈಲಸ್ ನಡುವೆ ಸ್ವಲ್ಪ ಹೊತ್ತು ನಿಂತು, ನನ್ನ ಮುಖ ನೋಡದೆ ಬಲಕ್ಕೆ ಹೋದ. ಬಲಗೋಡೆಯ ಬಳಿ ಜಾಗ ಸಾಲದೆ ಜನ ಬೆಂಚು ಹತ್ತಿ ನಿಂತರು.

ಊರಿನ ತೀರ್ಮಾನದ ಮೇಲೆ ಜಿಲ್ಲೆಯ ನ್ಯಾಯಾಧೀಶರು ಮುದ್ರೆ ಒತ್ತಿದರು. ಜೂನ್ ತಿಂಗಳಲ್ಲಿ ಗಾಡಿ ಬಂತು. ಟಾರ್ಬೆಲ್ ಒಂದು ಗಂಟು ಬಟ್ಟೆ, ಅರ್ಧ ಉಂಡೆ ಗಿಣ್ಣು ತೆಗೆದುಕೊಂಡು ಹತ್ತಿ ಕುಳಿತ. ಸಬ್ಮಿಟ್‌ಗೆ ಹಡಗಿಗೆ ಹೋಗಲು ಅಪ್ಪಣೆಯಿರಲಿಲ್ಲ. ಗಾಡಿ ತಿರುವು ದಾಟಿದ ಮೇಲೆ ಅವಳು ನೆಟ್ಟಗೆ ನನ್ನ ಅಂಗಡಿಗೆ ಬಂದಳು.

"ಮತ್ತೆ ಸಭೆ ಕರೆಸೋಕೆ ಎಷ್ಟು ಜನ ಬೇಕು?"

"ಮತದ ಹಕ್ಕಿರೋ ಹತ್ತು ಜನ ಬರೆದುಕೊಟ್ರೆ ಪಂಚರು ಕರೀಲೇಬೇಕು. ಕಾನೂನು."

"ಹಾಗಿದ್ರೆ ಕಾಗದ ತೆಗೀರಿ. ಮೊದಲ ಹೆಸರು ನಿಮ್ಮದು."

ಹಾಕಿದೆ. ಮಿಕ್ಕವರದು ಅಷ್ಟು ಸಲೀಸಾಗಲಿಲ್ಲ. ಅದು ಹುಲ್ಲು ಕೊಯ್ಲಿನ ಕಾಲ. ಕುಡುಗೋಲು ಹಿಡಿದವನು ಮೊನ್ನೆ ತಾನೇ ಮಾಡಿದ ತೀರ್ಮಾನವನ್ನು ಬಿಚ್ಚಲು ಬರುವವನಲ್ಲ. "ಹುಲ್ಲು ಒಳಗೆ ಬೀಳ್ಲಿ ಅಕ್ಕಾ" ಎನ್ನುತ್ತಿದ್ದರು. ಹುಲ್ಲು ಬಿದ್ದಿತು. "ರೈ ಕೊಯ್ಲು ಆಗ್ಲಿ." ಅದೂ ಆಯಿತು. ಆಮೇಲೆ ಸೇಬು. ಸಬ್ಮಿಟ್ ಹೊಲದಿಂದ ಹೊಲಕ್ಕೆ ಅಲೆದಳು. ಸಹಿ ಕೇಳಲು ಹೋದಲ್ಲಿ ಒಂದು ಸಾಲು ಹುಲ್ಲು ತಾನೇ ಗುಡಿಸಿಕೊಟ್ಟು ಬಂದಳು. ಸೈಲಸ್ ಕುಲುಮೆಯ ಹಿಂದೆ ಅಡಗಿಕೊಳ್ಳುತ್ತಿದ್ದ. ಕೊನೆಗೆ ಒಂದು ದಿನ, "ಅಯ್ಯೋ ಕೊಡಮ್ಮ ಇತ್ಲಾಗೆ, ನಿನ್ನ ನೆರಳು ನೋಡಿದ್ರೆ ಕಬ್ಬಿಣನೂ ಕಾಯ್ತಾ ಇಲ್ಲ" ಎಂದು ಗೀಚಿದ. ಒಂಬತ್ತಾದವು. ಹತ್ತನೆಯದು ಎಲ್ಲೂ ಸಿಗಲಿಲ್ಲ.

ಆಗ ಅವಳು ಪ್ರೌಟ್‌ನ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಮಗ ಮನೆಯಲ್ಲಿರಲಿಲ್ಲ. ಮುದುಕಿ ಮೋಲಿ ಒಲೆಯ ಮುಂದೆ ಕುಳಿತು ಬಟಾಣಿ ಸುಲಿಯುತ್ತಿದ್ದಳಂತೆ.

"ನಿನ್ನ ಗಂಡ ಕೂಗಿ ಮುಗಿಸಿದ ಮೇಲೆ ಹೋಗ್ಲಿಲ್ಲ ಕಣೇ" ಎಂದಳಂತೆ ಮುದುಕಿ. "ಅಲ್ಲೇ ಹಿಮದಲ್ಲಿ ನಿಂತ. ಏನೋ ಹೇಳೋಕೆ ಬಾಯಿ ಬಿಡ್ತಾನೆ, ಬರ್ತಾ ಇಲ್ಲ. ಬಾಯಿ ಬಿಡ್ತಾನೆ, ಬರ್ತಾ ಇಲ್ಲ. ಬಿಸಿಲು ಗೋಡೆಯಿಂದ ಗೋಡೆಗೆ ಹೋಯ್ತು. ಆಮೇಲೆ ಹೊರಟೋದ. ಇಷ್ಟು ವರ್ಷ ಅದೇನಂತ ಯೋಚ್ನೆ ನಂಗೆ."

ಸಬ್ಮಿಟ್‌ಗೂ ಗೊತ್ತಿರಲಿಲ್ಲ. ಅವನು ಮನೆಯಲ್ಲೂ ಹೇಳಿರಲಿಲ್ಲ.

ಅಷ್ಟರಲ್ಲಿ ಪ್ರೌಟ್ ಒಳಗೆ ಬಂದ. ಕಾಗದ ಓದಿದ, ಲೇಖನಿ ತರಿಸಿದ, ಹತ್ತನೆಯ ಹೆಸರು ಬರೆದ. "ತಪ್ಪು ತಿಳೀಬೇಡಿ ತಾಯಿ. ಸಭೆ ಕರೆಸೋದು ಯಾರಿಗಾದ್ರೂ ಇರೋ ಹಕ್ಕು. ಒಂದು ಹೆಸರಿಗೋಸ್ಕರ ಅದು ನಿಲ್ಲಬಾರದು. ಸಭೇಲಿ ನಾನು ವಿರುದ್ಧವೇ ಮಾತಾಡ್ತೀನಿ."

ಹಾಗೇ ಮಾಡಿದ. ಅಕ್ಟೋಬರ್ ಕೊನೆಗೆ ಎನಕ್ ಕರೆದ ಸಭೆಯಲ್ಲಿ ಪ್ರೌಟ್ ಎದ್ದು, ವಸಂತದಲ್ಲಿ ಹೇಳಿದ್ದನ್ನೇ ಇನ್ನೂ ಚೆನ್ನಾಗಿ ಹೇಳಿದ. ಆದರೆ ಆ ವಾರವೇ ಉತ್ತರದ ಇಂಗ್ಲಿಷ್ ದಂಡು ಪೂರ್ತಿ ಶರಣಾಯಿತೆಂಬ ಸುದ್ದಿ ಬಂದಿತ್ತು. ಸೇಬಿನ ಸೈಡರ್ ಪೀಪಾಯಿಗಳು ತುಂಬಿದ್ದವು, ಹುಲ್ಲು ಒಳಗಿತ್ತು. ಗೆದ್ದ ವಾರದಲ್ಲಿ ಕ್ಷಮೆ ಅಗ್ಗವಾಗಿ ಸಿಗುತ್ತದೆ. ಬೆಂಚು ಹತ್ತಿ ನಿಂತಿದ್ದವರೇ ಈಗ ಎಡಗೋಡೆಗೆ ಬಂದು ನನ್ನ ಹೆಗಲು ತಟ್ಟಿದರು. ಜೇಬೆಜ್ ಟಾರ್ಬೆಲ್ ಊರಿಗೆ ಮರಳಬಹುದೆಂದು ತೀರ್ಮಾನವಾಯಿತು. ಪ್ರೌಟ್ ಸೋತದ್ದನ್ನು ತಲೆಯಾಡಿಸಿ ಒಪ್ಪಿಕೊಂಡು, ಮಾರನೆಯ ದಿನ ಎನಕ್‌ಗೆ ಬೋಸ್ಟನ್‌ಗೆ ಹೋಗಲು ತನ್ನ ಕುದುರೆಯನ್ನೇ ಕೊಟ್ಟ.

ಎನಕ್ ವಾರ ಕಳೆದು ಒಬ್ಬನೇ ಬಂದ. ಮೊದಲು ಪಂಚರ ಬಳಿ ಹೋಗಿದ್ದ. ಸಬ್ಮಿಟ್‌ಗೆ ಯಾರು ಹೇಳಬೇಕೆಂದು ಅವರು ಸಾಕಷ್ಟು ಹೊತ್ತು ಚರ್ಚಿಸಿದರಂತೆ, ಇದಕ್ಕೂ ಸಭೆ ಕರೆಯುವವರ ಹಾಗೆ. ಕೊನೆಗೆ ಎನಕ್ ನನ್ನ ಅಂಗಡಿಗೆ ಬಂದು, "ನೀವೂ ಬನ್ನಿ ಸಾಹುಕಾರ್ರೆ, ನನ್ ಕೈಲಿ ಒಬ್ನೇ ಆಗಲ್ಲ" ಎಂದ. ದಾರಿಯಲ್ಲಿ ಹೇಳಿದ.

ಹಡಗಿನಲ್ಲಿ ಬೆಳಿಗ್ಗೆ ಸಾಲು ನಿಲ್ಲಿಸುತ್ತಾರೆ. ಒಬ್ಬೊಬ್ಬನೂ ತನ್ನ ಹೆಸರು ಕೂಗಿ ರೊಟ್ಟಿ ತೆಗೆದುಕೊಳ್ಳಬೇಕು. ಟಾರ್ಬೆಲ್ "ಜೇ… ಜೇ…" ಎಂದು ನಿಲ್ಲುವಷ್ಟರಲ್ಲಿ ಹಿಂದಿನವರು ತಳ್ಳುತ್ತಾರೆ. ಕಾವಲಿನವನು ಇದನ್ನು ಮೊಂಡುತನವೆಂದು ತಿಳಿದು, ಹೆಸರು ಹೇಳದವನಿಗೆ ರೊಟ್ಟಿ ಇಲ್ಲ ಎಂದುಬಿಟ್ಟ. ಜೊತೆಯವರು ಆಗೀಗ ಮುರಿದು ಕೊಡುತ್ತಿದ್ದರಂತೆ. ಸೆಪ್ಟೆಂಬರಿನಲ್ಲಿ ಹಡಗಿಗೆ ಜ್ವರ ಬಂತು. ಮೊದಲು ಹೋದವರಲ್ಲಿ ಅವನೊಬ್ಬ. ಒಬ್ಬ ಕೈದಿ ಎನಕ್‌ಗೆ ಹೇಳಿದ್ದು ಇಷ್ಟು: ಅಲ್ಲಿದ್ದ ಮಿಕ್ಕವರೆಲ್ಲ ದಿನಾ ದೊರೆಗೆ ಜಯ ಅನ್ನುವವರು, ಆ ಉಗ್ಗ ಮಾತ್ರ ಕಡೆಯವರೆಗೂ ದೊರೆಯ ಹೆಸರನ್ನು ಬಾಯಿಗೆ ತರಲಿಲ್ಲ.

ನಾನು ನಿಂತುಬಿಟ್ಟೆ. ದೊರೆಯವರ ಹೆಸರಿನಲ್ಲಿ ಎಂಬ ಆ ಎರಡು ಮಾತು ಮೊದಲು ಅಂದಿದ್ದರೆ ಹೆಸರು ಸರಾಗ ಬರುತ್ತಿತ್ತು. ರೊಟ್ಟಿ ಬರುತ್ತಿತ್ತೋ, ಏಟು ಬೀಳುತ್ತಿತ್ತೋ, ಹೇಳಲಾರೆ. ಅವನು ಪ್ರಮಾಣ ಮಾಡಿದ್ದ. ಒಪ್ಪಿಕೊಳ್ಳದಿದ್ದವರು ನಾವು.

ಸಬ್ಮಿಟ್ ಮನೆಯ ಹಿಂದೆ ಟರ್ನಿಪ್ ಗೆಡ್ಡೆ ಅಗೆಯುತ್ತಿದ್ದಳು. ನಮ್ಮಿಬ್ಬರನ್ನೂ, ನಮ್ಮ ಹಿಂದೆ ಯಾರೂ ಇಲ್ಲದ್ದನ್ನೂ ನೋಡಿದಳು. ಎನಕ್ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಣ್ಣು ಎಲ್ಲಿ ಮಾಡಿದ್ರು?"

"ಬಂದರಿನ ದ್ವೀಪದಲ್ಲಂತೆ ಅಕ್ಕ. ಎಲ್ಲರ ಜೊತೆ."

"ಸಭೆ ಮತ್ತೆ ಕರೀತಾರೆ ಅಂತ ನಾನು ಹೇಳಿ ಕಳಿಸಿದ್ದೆ, ಆಮೇಲೆ ಬೋಸ್ಟನ್ ಕಡೆ ಹೋದ ಗಾಡಿಯವನ ಕೈಲಿ. ಅದಾದ್ರೂ ಮುಟ್ಟಿತ್ತಾ?"

ಎನಕ್ ನನ್ನ ಮುಖ ನೋಡಿದ. "ಗೊತ್ತಿಲ್ಲ ಅಕ್ಕ. ಕೇಳ್ಲಿಲ್ಲ ನಾನು."

ಅವಳು ಗುದ್ದಲಿ ಎತ್ತಿಕೊಂಡಳು. ಮೋಡ ಕೆಳಗಿಳಿದಿತ್ತು, ಆ ರಾತ್ರಿ ಚಳಿಗೆ ನೆಲ ಹೆಪ್ಪುಗಟ್ಟುವ ಹಾಗಿತ್ತು, ಇನ್ನೂ ಅರ್ಧ ಹೊಲ ಉಳಿದಿತ್ತು. ಎನಕ್ ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿದ. ನಾನು ಪಕ್ಕದ ಸಾಲಿಗೆ ಬಗ್ಗಿದೆ. ಕತ್ತಲಾಗುವವರೆಗೆ ಮೂವರೂ ಅಗೆದೆವು.